ತಾತನ ಗಿಟಾರಿಗೆ ಯಾವ ತಂತಿ?



ನಮ್ಮ ಗಾನವೃಂದದಲ್ಲಿ ಗಿಟಾರ್ ನುಡಿಸುವ ಹುಡುಗನಿಗೂ ಅವನ ತಾತನಿಗೂ ಎರಡು ತಿಂಗಳು ಮಾತು ನಿಂತುಹೋಗಿತ್ತು. ಕಾರಣ ಆಸ್ತಿಯಲ್ಲ, ಮದುವೆಯಲ್ಲ, ಆರು ತಂತಿ. ನಗಬೇಡಿ. ಅವನ ತಾಯಿ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನನ್ನ ಬಳಿ ಬಂದು ಕಣ್ಣೀರು ಹಾಕಿದಾಗ ನಾನೂ ಮೊದಲು ನಕ್ಕೆ, ಆಮೇಲೆ ನಾಚಿಕೊಂಡೆ.

ತಾತ ಇರುವುದು ತೇವಾರಂನಲ್ಲಿ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು. ಬೆಟ್ಟದ ಆಚೆಗೆ ಕೇರಳದ ಇಡುಕ್ಕಿ. ಬಹಳ ಹಿಂದೆ ಕನ್ನಡ ನಾಡಿನಿಂದ ಹೋಗಿ ನೆಲೆಸಿದ ಒಕ್ಕಲಿಗರು ಅಲ್ಲಿದ್ದಾರೆ, ಕಪ್ಪಿಲಿಯರು ಎಂದು ಅವರ ಹೆಸರು. ಓದು ಬರಹ ತಮಿಳು, ಮನೆಮಾತು ಕನ್ನಡ. ಹುಡುಗನ ತಾಯಿ ಅಂಥ ಮನೆಯ ಮಗಳು, ನಮ್ಮ ಧರ್ಮಕೇಂದ್ರಕ್ಕೆ ಸೊಸೆಯಾಗಿ ಬಂದವರು. ತಾತ ನಮ್ಮ ಸಭೆಯವರಲ್ಲ. ಆದರೂ ಮೊಮ್ಮಗ ದೇವಾಲಯದಲ್ಲಿ ನುಡಿಸುತ್ತಾನೆಂದು ಕೇಳಿ ತಮ್ಮ ಹಳೆಯ ಗಿಟಾರನ್ನು ಬಸ್ಸಿನಲ್ಲಿ ತಾವೇ ಹೊತ್ತು ತಂದು ಕೊಟ್ಟಿದ್ದರು.

ಅದು ಟೊಳ್ಳು ಒಡಲಿನ ಎಲೆಕ್ಟ್ರಿಕ್ ಗಿಟಾರ್. ಪಿಟೀಲಿನಂತೆ ಉಬ್ಬಿದ ಮುಖ, ಎರಡು ಎಫ್ ಆಕಾರದ ರಂಧ್ರ, ನಡುವೆ ಪಿಕಪ್. ತಯಾರಕರ ಹೆಸರು ಅಳಿಸಿಹೋಗಿದೆ. ಎಪ್ಪತ್ತರ ದಶಕದಲ್ಲಿ ಮದುರೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಮದುವೆ ಮನೆಗಳ ಲೈಟ್ ಮ್ಯೂಸಿಕ್ ಪಾರ್ಟಿಯಲ್ಲಿ ನುಡಿಸುತ್ತಿದ್ದರಂತೆ. ಮೊಮ್ಮಗ ಮಾಡಿದ ಮೊದಲ ಕೆಲಸ, ತುಕ್ಕು ಹಿಡಿದ ದಪ್ಪ ತಂತಿಗಳನ್ನು ಕಿತ್ತು 9ರ ಸೆಟ್ಟು ಹಾಕಿದ್ದು. ನುಡಿಸಿ, ವಿಡಿಯೋ ಕಳಿಸಿದ. ಉತ್ತರ ಫೋನಿನಲ್ಲೇ ಬಂತು. "ನನ್ನ ಗಿಟಾರಿನ ದನಿ ತೆಗೆದುಬಿಟ್ಟೆ. ವಾಪಸ್ ತಂದುಕೊಡು." ಹುಡುಗನೂ ಬಿಡಲಿಲ್ಲ. "ಆ ಬೇಲಿ ತಂತಿಯಲ್ಲಿ ಈಗ ಯಾರು ನುಡಿಸುತ್ತಾರೆ ತಾತ?" ಅಂದುಬಿಟ್ಟ.

ಈ 9, 13 ಅಂದರೇನು? ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 9 ಎಂದರೆ ಮಿಲಿಮೀಟರಿನ ಕಾಲು ಭಾಗಕ್ಕೂ ಕಡಿಮೆ. 13 ಎಂದರೆ ಸುಮಾರು ಮೂರನೇ ಒಂದು ಭಾಗ. ಕೇಳಲು ಕೂದಲೆಳೆಯ ವ್ಯತ್ಯಾಸ. ಆದರೆ ಶ್ರುತಿಗೆ ಬಿಗಿದಾಗ 10ರ ಸೆಟ್ಟಿನ ಆರೂ ತಂತಿ ಸೇರಿ ಸುಮಾರು 47 ಕಿಲೋ ಎಳೆಯುತ್ತವೆ, 13ರ ಸೆಟ್ಟು 75 ಕಿಲೋ ಆಸುಪಾಸು. ಒಂದು ಮೂಟೆ ಅಕ್ಕಿ ಹಗಲೂ ರಾತ್ರಿ ಆ ಕತ್ತಿಗೆ ಜೋತುಬಿದ್ದ ಹಾಗೆ.

ಗೆಳೆಯ ಗುರುಗಳೊಬ್ಬರ ಕರೆಯ ಮೇರೆಗೆ ನನಗೆ ಆ ಕಣಿವೆಯ ರಾಯಪ್ಪನ್‌ಪಟ್ಟಿಗೆ ಹೋಗುವುದಿತ್ತು. (ನಮ್ಮ ಹಿರಿಯರು ಪೇತ್ರರನ್ನು ರಾಯಪ್ಪ ಎನ್ನುತ್ತಿದ್ದರಲ್ಲ, ಅದೇ ರಾಯಪ್ಪ.) ಹುಡುಗನನ್ನೂ ಗಿಟಾರನ್ನೂ ಜೊತೆಗೆ ಕರೆದುಕೊಂಡು ಹೊರಟೆ. ರಾಜಿಗೆಂದು ಅಂಗಡಿಯಿಂದ ಹೊಳೆಯುವ ಕಂಚಿನ ತಂತಿಯ ಸೆಟ್ಟೊಂದನ್ನು ಕೊಂಡೊಯ್ದೆ, 12ರದ್ದು. ಇಬ್ಬರಿಗೂ ನಡುವಿನದು ಎಂಬ ಜಾಣತನ. ಗುರುಮಠದಲ್ಲಿ ಕಲಿತ ನಾಲ್ಕು ಕಾರ್ಡುಗಳ ಜ್ಞಾನ ನನ್ನದು.

ತಾತನ ಜಗಲಿಯಲ್ಲಿ ತಂತಿ ಏರಿಸಿ, ಅವರ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದರೆ, ಕೆಳಗಿನ ಎರಡು ಸಣ್ಣ ತಂತಿ ಕಿರುಚುತ್ತವೆ, ಉಳಿದ ನಾಲ್ಕು ಗೊಣಗುತ್ತವೆ. ತಾತ ನಕ್ಕರು. "ಸ್ವಾಮಿ, ಕಂಚಿಗೆ ಅಯಸ್ಕಾಂತ ಹಿಡಿಯುತ್ತದಾ?" ಪಿಕಪ್ಪಿನಲ್ಲಿರುವುದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಉಕ್ಕು, ನಿಕಲ್ ಅಲುಗಿದರೆ ಅದಕ್ಕೆ ತಿಳಿಯುತ್ತದೆ. ಕಂಚಿನ ಸುತ್ತು ಅಲುಗಿದ್ದು ಅದಕ್ಕೆ ತಿಳಿಯುವುದಿಲ್ಲ, ಒಳಗಿನ ಉಕ್ಕಿನ ಎಳೆಯಷ್ಟೇ ತಿಳಿಯುತ್ತದೆ. ಸುತ್ತೇ ಇಲ್ಲದ ಸಣ್ಣ ಉಕ್ಕಿನ ತಂತಿಗಳು ಅದಕ್ಕೇ ಮೆರೆಯುತ್ತವೆ. ಎಫ್ ರಂಧ್ರ ನೋಡಿ ಸಾದಾ ಗಿಟಾರಿನ ತಂತಿ ಕೊಂಡ ನನ್ನ ತಪ್ಪನ್ನು ನೀವು ಮಾಡಬೇಡಿ.

ನನ್ನ ಪೆಚ್ಚು ಮುಖ ನೋಡಿ ಅಜ್ಜ ಮೊಮ್ಮಗ ಇಬ್ಬರೂ ಒಟ್ಟಿಗೆ ನಕ್ಕರು. ಮಾತು ಶುರುವಾದದ್ದು ಹಾಗೆ. ಅಂದ ಹಾಗೆ ಗಿಟಾರಿನ ಮಟ್ಟಿಗೆ ಆ ನೆಲ ಸಾಮಾನ್ಯದ್ದಲ್ಲ. 1943ರಲ್ಲಿ ಇಳಯರಾಜಾ ಹುಟ್ಟಿದ ಪಣ್ಣೈಪುರಂ ತೇವಾರಂಗೆ ನೆರೆಯ ಊರು. ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಡನೆ ಹಳ್ಳಿ ಹಳ್ಳಿ ಸುತ್ತಿ, 1968ರಲ್ಲಿ ಮದ್ರಾಸಿಗೆ ಹೋಗಿ, ಧನರಾಜ್ ಮಾಸ್ಟರ್ ಬಳಿ ಕಲಿತು, ಗಿಟಾರ್ ವಾದಕರಾಗಿ ದುಡಿದವರು. ನಮ್ಮ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದರು. 1983ರ 'ಪಲ್ಲವಿ ಅನುಪಲ್ಲವಿ'ಯ ಸಂಗೀತ ಕೇಳದವರು ನಮ್ಮಲ್ಲಿ ಯಾರಿದ್ದಾರೆ! ತಾತ ಈ ಕಥೆಯನ್ನು ಮೂರು ಸಲ ಹೇಳಿದರು. ಮೂರನೆಯ ಸಲ ಹುಡುಗ ಮೊಬೈಲ್ ಕೆಳಗಿಟ್ಟು ಕೇಳಿದ.

ಮಾತಿನ ನಡುವೆ ತಾತ ತಮ್ಮ ಪಕ್ಷ ಹೇಳಿದರು. ಈ ಗಿಟಾರಿನ ಬ್ರಿಡ್ಜು ಮರದ ತುಂಡು, ಅಂಟಿಲ್ಲ, ತಂತಿಯ ಒತ್ತಡದಿಂದಲೇ ನಿಲ್ಲುತ್ತದೆ. ಒತ್ತಡ ಕಡಿಮೆಯಾದರೆ ಮುಖದ ಹಲಗೆ ಅಲುಗದು, ದನಿ ಸೊರಗುತ್ತದೆ. ಮೂರನೆಯ ತಂತಿ ಸುತ್ತಿದ್ದೇ ಆಗಿರಬೇಕು, ಬ್ರಿಡ್ಜಿನ ಮೆಟ್ಟಿಲು ಕೊರೆದಿರುವುದು ಅದಕ್ಕೆ. ಬೋಳು ತಂತಿ ಹಾಕಿದರೆ ಮೇಲಿನ ಫ್ರೆಟ್ಟುಗಳಲ್ಲಿ ಅಪಶ್ರುತಿ. ಅಷ್ಟೂ ನಿಜ. ಹುಡುಗನ 9ರಲ್ಲಿ ಆಗಿದ್ದು ಅದೇ, ಜೊತೆಗೆ ದಪ್ಪ ತಂತಿಗೆ ಕೊರೆದ ಗಾಡಿಯಲ್ಲಿ ಸಣ್ಣ ತಂತಿಗಳು ಝೇಂಕರಿಸುತ್ತಿದ್ದವು.

ಆದರೆ ಹುಡುಗನಿಗೂ ಒಂದು ನ್ಯಾಯವಿತ್ತು, ಅವನಿಗೇ ಗೊತ್ತಿರಲಿಲ್ಲ. ಬೆಂಗಳೂರಿಗೆ ಮರಳಿ ರಿಪೇರಿ ಮಾಡುವವರಿಗೆ ತೋರಿಸಿದೆವು. ಅವರು ಮುಖದ ಮೇಲೆ ಉಕ್ಕಿನ ಸ್ಕೇಲಿಟ್ಟು, ರಂಧ್ರದಲ್ಲಿ ಟಾರ್ಚು ಬಿಟ್ಟು ನೋಡಿದರು. ಬ್ರಿಡ್ಜಿನ ಕೆಳಗೆ ಹಲಗೆ ಕುಸಿದಿದೆ, ಒಳಗಿನ ಆಧಾರಪಟ್ಟಿಯ ಅಂಟು ಬಿಟ್ಟಿದೆ. ಕತ್ತಿನೊಳಗೆ ಬಾಗು ಸರಿಪಡಿಸುವ ಕಬ್ಬಿಣದ ಸಲಾಕೆಯೂ ಇಲ್ಲ. ಗಿಬ್ಸನ್ ಕಂಪನಿ ಆ ಸಲಾಕೆಗೆ 1923ರಲ್ಲೇ ಪೇಟೆಂಟ್ ಪಡೆದಿತ್ತು, ಆದರೂ ಅಗ್ಗದ ಗಿಟಾರುಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. 13 ಹಾಕಿದರೆ ಇನ್ನೆರಡು ವರ್ಷವೂ ಬಾಳದು ಎಂದರು.

ಇದನ್ನು ತಾತನಿಗೆ ಹೇಳಬೇಕಾದವನು ನಾನು. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕುಸಿದದ್ದು ನನಗೆ ಗೊತ್ತಿತ್ತು ಸ್ವಾಮಿ, ಹೇಳಲಿಲ್ಲ" ಅಂದರು.

ಅಂಟು ಹಾಕಿಸಿದೆವು. ಕೊನೆಗೆ ಆರಿಸಿದ್ದು 11ರ ಫ್ಲಾಟ್‌ವೂಂಡ್ ಸೆಟ್ಟು, ದುಂಡು ತಂತಿಯ ಬದಲು ಚಪ್ಪಟೆ ಪಟ್ಟಿ ಸುತ್ತಿದ್ದು, ಮೂರನೆಯದೂ ಸುತ್ತಿದ್ದೇ. ಬೆರಳು ಜಾರಿದರೆ ಕಿರಗುಟ್ಟುವುದಿಲ್ಲ, ದನಿ ಗಂಭೀರ, ಬಾಳಿಕೆಯೂ ಹೆಚ್ಚು. ಬೆಲೆ ಮಾತ್ರ ಸಾದಾ ತಂತಿಗಿಂತ ಜಾಸ್ತಿ. ಮೇಲಾಗಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿದೆವು. ಅಷ್ಟಕ್ಕೇ ಎಳೆತ ನೂರಕ್ಕೆ 11ರಷ್ಟು ತಗ್ಗುತ್ತದೆ. ಕೀಬೋರ್ಡಿನೊಡನೆ ಕೂಡಬೇಕಾದಾಗ ಮೊದಲ ಫ್ರೆಟ್ಟಿಗೆ ಕೇಪೋ ಕಚ್ಚಿಸಿದರೆ ಸಾಕು. ತಂತಿ ಬದಲಿಸುವಾಗ ಬ್ರಿಡ್ಜಿನ ಸುತ್ತ ಪೆನ್ಸಿಲ್ ಗುರುತು ಹಾಕಿ ಒಂದೊಂದನ್ನೇ ಬಿಚ್ಚಿ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜು ಕೈಗೆ ಬರುತ್ತದೆ.

ದೇವಾಲಯಕ್ಕೆ ಇಂಥ ವಾದ್ಯ ಬೇಕೇ ಎಂದು ಒಬ್ಬ ಹಿರಿಯರು ಕೇಳಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ತಕ್ಕವಾದ, ಇಲ್ಲವೇ ತಕ್ಕವಾಗಿಸಬಹುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ತಕ್ಕವಾಗಿಸುವುದು ಎಂದರೆ ನಮ್ಮಲ್ಲಿ, ಸ್ಪೀಕರನ್ನು ಗಾನವೃಂದದಿಂದ ಆಚೆಗೆ ತಿರುಗಿಸಿದ್ದು. ಟೊಳ್ಳು ಗಿಟಾರು ಸ್ಪೀಕರಿನ ಎದುರಿದ್ದರೆ ತಾನಾಗಿ ಊಳಿಡುತ್ತದೆ. ಪ್ರಸಾದ ವಿನಿಯೋಗದ ವೇಳೆ ಒಮ್ಮೆ ಊಳಿಟ್ಟೂ ಇತ್ತು.

ಹುಡುಗನಿಗೆ ಒಂದು ಬೇಸರ ಉಳಿದಿದೆ. ಸುತ್ತಿದ ಮೂರನೆಯ ತಂತಿಯನ್ನು ಎಳೆದು ಸ್ವರ ಬಾಗಿಸಲಾಗದು. ಅವನಿಗೆ ಪ್ರಿಯವಾದದ್ದೇ ಅದು. ತಾತನಿಗೂ ಇದು ತಮ್ಮ 13ರ ದನಿಯಲ್ಲವೆಂದು ಗೊತ್ತು. ಕ್ರಿಸ್ಮಸ್ ರಾತ್ರಿಯ ವಿಡಿಯೋ ನೋಡಿ ಅವರು ಮೊಮ್ಮಗನಿಗೇ ಫೋನ್ ಮಾಡಿದರು. ಹಾಡಿನ ಬಗ್ಗೆ ಒಂದು ಮಾತೂ ಇಲ್ಲವಂತೆ. "ಐದನೇ ತಂತಿ ಒಂಚೂರು ಇಳಿದಿದೆ, ನೋಡು ಮಗಾ" ಅಂದರಂತೆ. ನೋಡಿದರೆ ಇಳಿದೇ ಇತ್ತು.