ಮೇಕೆದಾಟು: ವಾದಕ್ಕೆ ಮುಂಚೆ ಒಮ್ಮೆ ನೋಡಿ ಬನ್ನಿ

ಸೆಮಿಸ್ಟರ್ ರಜೆಯಲ್ಲಿ ಕೊಕ್ಕರೆ ಬೆಳ್ಳೂರಿನಿಂದ ಮನೆಮಂದಿಯೆಲ್ಲ ಒಂದೇ ಓಮ್ನಿಯಲ್ಲಿ ಮೇಕೆದಾಟಿಗೆ ಹೋಗಿದ್ವಿ. ಹಲಗೂರು, ಸಾತನೂರು ದಾಟಿದರೆ ಸಂಗಮ. ಅಲ್ಲಿ ಅರ್ಕಾವತಿಯನ್ನ ತೆಪ್ಪದಲ್ಲಿ ದಾಟಿ ಮುಂದೆ ಹೋದರೆ, ಅಷ್ಟಗಲ ಹರಿಯೋ ಕಾವೇರಿ ಬಂಡೆ ಕೊರೆದುಕೊಂಡು ಕಿರಿದಾದ ಕಮರಿಗೆ ನುಗ್ಗುತ್ತಾಳೆ.

"ನಮ್ ಶಿಂಸಾ ನೀರೂ ಇಲ್ಗೇ ಬತ್ತದೇನ್ಲಾ?" ಅಂದ್ರು ಅಜ್ಜಿ. ಹೌದು. ನಮ್ಮೂರಿನ ಕೊಕ್ಕರೆ, ಹೆಜ್ಜಾರ್ಲೆಗಳು ಮೀನು ಹಿಡಿಯೋ ಶಿಂಷಾ, ಕಾವೇರಿ ಸೇರಿ ಇಲ್ಲಿಗೇ ಬರುತ್ತೆ.

ಇಲ್ಲಿ ಸುಮಾರು 67 ಟಿಎಂಸಿ ಸಾಮರ್ಥ್ಯದ ಅಣೆಕಟ್ಟಿನ ಪ್ರಸ್ತಾವನೆ ಇದೆ. ಬೆಂಗಳೂರಿಗೆ ಕುಡಿಯೋ ನೀರು, ಜೊತೆಗೆ 400 ಮೆಗಾವ್ಯಾಟ್ ವಿದ್ಯುತ್. ಅಪ್ಪ, "ಕಟ್ಲಿ ಬುಡ್ಲಾ, ಕುಡಿಯೋಕೆ ನೀರ್ ಬ್ಯಾಡ್ವಾ?" ಅಂದ್ರು. ಹಾಸ್ಟೆಲ್‌ನಲ್ಲಿ ಟ್ಯಾಂಕರ್‌ಗೆ ಕಾಯೋ ನನಗೆ ತಕ್ಷಣ ಉತ್ತರ ಹೊಳೀಲಿಲ್ಲ.

ವಾಪಸ್ ಬರುವಾಗ ಹೊಳೀತು. ನಮ್ಮೂರಲ್ಲಿ ಹಕ್ಕಿ ಗೂಡು ಕಟ್ಟಿದ ಮರದ ಹುಣಸೆ ಫಸಲನ್ನ ಬಿಟ್ಟುಕೊಡೋರು ಆ ಮರದ ಯಜಮಾನರೇ. ನಷ್ಟ ಅವರದ್ದು, ಒಪ್ಪಿಗೆಯೂ ಅವರದ್ದೇ. ಇಲ್ಲಿ ನೀರು ಬಳಸೋರು ನಾವು, ಮುಳುಗೋದು ಕಾವೇರಿ ವನ್ಯಜೀವಿಧಾಮದ ಕಾಡು. ಆನೆಯನ್ನ, ಮಹಶೀರ್ ಮೀನನ್ನ ಒಪ್ಪಿಗೆ ಕೇಳೋರು ಯಾರು?

ನೀರು ಬೇಡ ಅಂತ ನಾನು ಹೇಳ್ತಿಲ್ಲ. ಸೋರೋ ಪೈಪು, ಹರಿದುಹೋಗೋ ಮಳೆನೀರು, ಶುದ್ಧೀಕರಿಸಿ ಮತ್ತೆ ಬಳಸಬಹುದಾದ ನೀರು, ಇವುಗಳ ಲೆಕ್ಕ ಮೊದಲು ಮುಗೀಲಿ. ಕಾಡು ಮುಳುಗಿಸೋ ಮಾತು ಆಮೇಲೆ. ಆ ಲೆಕ್ಕ ಮಾಡಬೇಕಾದೋರು ನಾಳೆ ಎಂಜಿನಿಯರ್ ಆಗೋ ನಾವೇ.

ಮುಂದಿನ ರಜೆಗೆ ಮನೆಯವರನ್ನ ಕರ್ಕೊಂಡು ಹೋಗಿ ಬನ್ನಿ. ಬಂಡೆ ಜಾರುತ್ತೆ, ನೀರಿಗೆ ಮಾತ್ರ ಇಳೀಬೇಡಿ.