ಪೂರ ಬಂದರಷ್ಟೇ ಬರುವವರು

ಸೇವೆ ಎಂಬ ಶಬ್ದ ನಮ್ಮ ಶಾಲೆಗಳಲ್ಲಿ ಬಹಳ ಅಗ್ಗವಾಗಿದೆ. ವರ್ಷಕ್ಕೊಮ್ಮೆ ಸಲಿಕೆ, ಬುಟ್ಟಿ, ಕಸಬರಿಗೆ ಹಿಡಿದು ಯಾವುದಾದರೊಂದು ಹಳ್ಳಿಗೆ ಹೋಗುತ್ತೇವೆ, ಓಣಿ ಗುಡಿಸುತ್ತೇವೆ, ಫೋಟೋ ತೆಗೆಸಿಕೊಂಡು ಸಂಜೆಯ ಬಸ್ಸಿಗೆ ಮರಳುತ್ತೇವೆ. ವಾರ್ಷಿಕ ವರದಿಯಲ್ಲಿ ‘ಶ್ರಮದಾನವು ಯಶಸ್ವಿಯಾಗಿ ನೆರವೇರಿತು’ ಎಂದು ಬರೆಯುತ್ತೇವೆ. ಹಾಗೆ ಬರೆದವರಲ್ಲಿ ನಾನೂ ಒಬ್ಬನು. ಆದ್ದರಿಂದ ಈ ಮಾತನ್ನು ಇನ್ನೊಬ್ಬರನ್ನು ದೂರಲು ಹೇಳುತ್ತಿಲ್ಲ.

2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ ದಾನೋಳಿಯ ಹತ್ತಿರ, ವಾರಣಾ ನದಿಯ ದಂಡೆಯ ಒಂದು ಸಣ್ಣ ವಸತಿಗೆ ಮಕ್ಕಳನ್ನು ಕರೆದೊಯ್ದಿದ್ದೆವು. ಶಿರೋಳ ತಾಲೂಕಿನ ಊರೂರುಗಳೂ ಆಗ ಕೆಸರಿನಲ್ಲಿ ಹೂತಿದ್ದವು. ನಮ್ಮ ಹುಡುಗರು ಎರಡು ಕೋಣೆಗಳ ರಾಡಿ ತೆಗೆದರು, ನಲವತ್ತು ಸಸಿ ನೆಟ್ಟರು. ನಮಗೆಲ್ಲ ಚಹಾ ಮಾಡಿಕೊಟ್ಟ ಒಬ್ಬ ಮುದುಕಿ, “ಮತ್ತ ಯಾವಾಗ ಬರ್ತೀರಿ ಗುರುಗಳ?” ಎಂದು ಕೇಳಿದರು. “ಬರ್ತೇವಿ ಆಯಿ” ಎಂದೆ. ಹೋದದ್ದು 2021ರ ಜುಲೈದಲ್ಲಿ ಮತ್ತೆ ನೀರು ಏರಿ ಇಳಿದ ಮೇಲೆ! ಸಸಿಗಳಲ್ಲಿ ಐದು ಉಳಿದಿದ್ದವು. ಉಳಿದವನ್ನು ಆಡು ತಿಂದಿದ್ದವು. ಆಯಿ ಗುರುತು ಹಿಡಿದು ನಕ್ಕರು. “ಪೂರ ಬಂದ್ರ ಅಷ್ಟ ಬರ್ತೀರೇನ್ರಿ ನೀವು?”

ಉತ್ತರ ಹೊಳೆಯಲಿಲ್ಲ.

ಆ ದಿನಗಳಲ್ಲಿ ಅನೇಕರು ಬಂದಿದ್ದರು. ಮಠದವರು, ಜೈನ ಸಮಾಜದವರು, ಕಾಲೇಜಿನ ಹುಡುಗರು, ಪಟ್ಟಣದ ಒಂದು ಚರ್ಚಿನ ತರುಣ ತರುಣಿಯರು. ಚರ್ಚಿನವರು ತಮ್ಮ ಪ್ರವಾಸಕ್ಕೆ ‘ಮಿಶನ್ ಟ್ರಿಪ್’ ಎನ್ನುತ್ತಿದ್ದರು. ಮೂರು ದಿನ ಅವರು ಮೈಮುರಿದು ದುಡಿದುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಪಾಲಕರೊಬ್ಬರು ನನ್ನನ್ನು ಬದಿಗೆ ಕರೆದು, “ಇವರು ಯಾಕ ಬರ್ತಾರ್ರೀ ಸರ್, ಜಾತಿ ಕೆಡಸಾಕೇನು?” ಎಂದು ಕೇಳಿದರು. ಆಯಿಯ ಪ್ರಶ್ನೆಯೂ ಈ ಪಾಲಕರ ಪ್ರಶ್ನೆಯೂ ನನ್ನ ಮನಸ್ಸಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಎರಡಕ್ಕೂ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಜಯಸಿಂಗಪುರ ದಾಟಿದರೆ ಮಿರಜ.

ಕ್ರೈಸ್ತ ಮಿಶನರಿಗಳು ನಮ್ಮ ಕೊಲ್ಹಾಪುರಕ್ಕೆ ಬಂದದ್ದು 1852ರಲ್ಲಿ. ಅಮೇರಿಕೆಯ ರಾಯಲ್ ವೈಲ್ಡರ್ ಎಂಬವರು ಮೊದಲಿಗರು. ಅವರ ಮಗ ರಾಬರ್ಟ್ ಹುಟ್ಟಿದ್ದು ಕೊಲ್ಹಾಪುರದಲ್ಲಿಯೇ, 1863ರಲ್ಲಿ. ಈ ರಾಬರ್ಟನೇ ಮುಂದೆ 1886ರಲ್ಲಿ ಅಮೇರಿಕೆಯ ಒಂದು ವಿದ್ಯಾರ್ಥಿ ಶಿಬಿರದಲ್ಲಿ ನೂರು ಜನ ತರುಣರು ಪರದೇಶದ ಸೇವೆಗೆ ಹೆಸರು ಕೊಡಲು ಪ್ರೇರಕನಾದವನು. ಜಗತ್ತಿನ ವಿದ್ಯಾರ್ಥಿಗಳನ್ನು ಕದಲಿಸಿದ ಚಳವಳಿಯ ಬೇರಿನಲ್ಲಿ ನಮ್ಮ ಪಂಚಗಂಗೆಯ ನೀರು ಇತ್ತೆಂದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? ಅಂದು ಹೆಸರು ಕೊಟ್ಟವರು ಕೊಟ್ಟದ್ದು ರಜೆಯ ಮೂರು ದಿನಗಳನ್ನಲ್ಲ.

ಇನ್ನು ಡಾಕ್ಟರ್ ವಿಲಿಯಂ ವಾನ್ಲೆಸ್. ಕೆನಡಾದಲ್ಲಿ ಹುಟ್ಟಿದ ಇವರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, 1889ರಲ್ಲಿ, ಈ ಕಡೆಗೆ ಬಂದರು. 1894ರಲ್ಲಿ ಮಿರಜದ ಆಸ್ಪತ್ರೆ ತೆರೆಯಿತು. (ಅದೇ ವರ್ಷ ಮಂಗಳೂರಿನಲ್ಲಿ ಕಿಟ್ಟೆಲ್ ಸಾಹೇಬರ ಕನ್ನಡ ನಿಘಂಟು ಅಚ್ಚಾಗಿ ಬಂತು, ಅದೂ ಒಬ್ಬ ಮಿಶನರಿ ತನ್ನ ಆಯುಷ್ಯ ಸವೆಸಿದ ಕೆಲಸವೇ.) ‘ಮಿಶನ್ ದವಾಖಾನೆ’ ಎಂದರೆ ನಮ್ಮ ಅಜ್ಜಂದಿರಿಗೆ ಮಿರಜವೇ. ಕಣ್ಣಿನ ಪೊರೆ ಬಂದವರನ್ನು ರೈಲಿನಲ್ಲಿ, ಚಕ್ಕಡಿಯಲ್ಲಿ ಅಲ್ಲಿಗೆ ಒಯ್ಯುತ್ತಿದ್ದರು. ವಾನ್ಲೆಸ್ ಈ ದೇಶ ಬಿಟ್ಟದ್ದು 1928ರಲ್ಲಿ. ಹತ್ತಿರ ಹತ್ತಿರ ನಲವತ್ತು ವರ್ಷ!

ಆದರೆ ವರ್ಷಗಳ ಲೆಕ್ಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೊಂದು. ಆಸ್ಪತ್ರೆ ತೆರೆದ ಮೂರೇ ವರ್ಷಗಳಲ್ಲಿ, 1897ರಲ್ಲಿ, ಅವರು ಇಲ್ಲಿಯ ತರುಣರಿಗೆ ವೈದ್ಯಕೀಯ ಕಲಿಸಲು ಆರಂಭಿಸಿದರು. ‘ನನ್ನ ಕೈ ಇಲ್ಲದಿದ್ದರೆ ನಡೆಯದು’ ಎಂಬ ಅಹಂಕಾರವಿದ್ದವನು ಈ ಕೆಲಸ ಮಾಡಲಾರ. ಮಿರಜದಲ್ಲಿ 1962ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಲು ಆ ಆಸ್ಪತ್ರೆಯ ನೆಲವೇ ಆಸರೆಯಾಯಿತು. ಹೋದವನ ಹಿಂದೆ ಕೆಲಸ ನಿಂತಿತು, ನಡೆಯಿತು.

ಈಗ ಪಾಲಕರ ಪ್ರಶ್ನೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮಿಶನರಿಗಳು ತಮ್ಮ ಮತವನ್ನು ಹೇಳಲೆಂದೇ ಬಂದವರು. ಅದನ್ನು ಅವರು ಬಚ್ಚಿಟ್ಟಿರಲೂ ಇಲ್ಲ. ಸೇವೆಯನ್ನು ಮತಾಂತರದ ಸಾಧನ ಮಾಡಬೇಡಿರೆಂದು ಗಾಂಧೀಜಿ ಅವರಿಗೆ ಮತ್ತೆ ಮತ್ತೆ ಹೇಳಿದರು. ಈ ವಿಷಯದಲ್ಲಿ ನಾನು ಗಾಂಧೀಜಿಯ ಪಕ್ಷದವನು. ನೋವಿನಲ್ಲಿ ಮಲಗಿದವನು ಬೋಧನೆಗೆ ಬೇಡವೆನ್ನಲಾರ. ಅವನ ಆ ಅಸಹಾಯಕತೆಯನ್ನು ಯಾವ ಮತದವರೂ ಬಳಸಿಕೊಳ್ಳಬಾರದು. ಆದರೆ ಇದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಬೇಕಲ್ಲವೆ? ಅವರು ಮತಕ್ಕಾಗಿ ಬಂದರೆನ್ನುವ ನಾವು ಏತಕ್ಕಾಗಿ ಹೋಗಿದ್ದೆವು? ವರದಿಗಾಗಿ, ಫೋಟೋಕ್ಕಾಗಿ! ಉದ್ದೇಶ ಶುದ್ಧವೆಂದು ಬೀಗಿ ನಲವತ್ತು ಸಸಿಗಳನ್ನು ಆಡಿನ ಬಾಯಿಗೆ ಬಿಟ್ಟು ಬಂದವನಿಗಿಂತ, ಇಲ್ಲಿಯ ಭಾಷೆ ಕಲಿತು ಇಲ್ಲಿಯೇ ಮುದುಕನಾದವನ ಬಳಿ ಕಲಿಯುವುದು ಹೆಚ್ಚಿದೆ. ಮತ ಒಪ್ಪದಿದ್ದರೂ ಆ ಮನುಷ್ಯನ ಗಟ್ಟಿತನ ಒಪ್ಪಬಹುದು.

ಚರ್ಚಿನ ಆ ತರುಣರಿಗೂ ಇದೇ ಮಾತು ಹೇಳಬೇಕೆನಿಸಿತ್ತು. ಮೂರು ದಿನದ ಮಿಶನ್ ನಮ್ಮ ಒಂದು ದಿನದ ಶ್ರಮದಾನದ ಅಣ್ಣ, ಅಷ್ಟೆ.

ಹಾಗಾದರೆ ಹುಡುಗರೇನು ಮಾಡಬೇಕು? ಎಲ್ಲರೂ ಡಾಕ್ಟರರಾಗಬೇಕೆಂದಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಆ ವಸತಿಯಲ್ಲಿ ಒಂದು ಸೇದುವ ಬಾವಿಯಿದೆ. ಬಾವಿಯ ನೀರಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು? ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಹಾಕಿದ ಮೇಲೆ ಕನಿಷ್ಠ ಒಂದು ತಾಸು ಆ ನೀರು ಸೇದಬಾರದು. ಬಾವಿಯ ಅಗಲ 3 ಮೀಟರು, ನೀರು 4 ಮೀಟರು ಇದ್ದರೆ ಸುಮಾರು 28 ಸಾವಿರ ಲೀಟರಾಯಿತು. 70 ಗ್ರಾಂ ಪುಡಿ. ಇದು ಸಿಲಿಂಡರಿನ ಘನಫಲದ ಲೆಕ್ಕ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ಲೆಕ್ಕ. ಮಹಾರಾಷ್ಟ್ರದ ಗ್ರಾಮ ಪಂಚಾಯತಿಗಳಲ್ಲಿ ಈ ಕೆಲಸಕ್ಕೆ ಜಲಸುರಕ್ಷಕನಿರುತ್ತಾನೆ. ಪುಡಿ ಹಾಕುವುದು ಅವನ ಕೆಲಸ, ಮಕ್ಕಳದಲ್ಲ. ಆದರೆ ತಿಂಗಳಿಗೊಮ್ಮೆ ಹೋಗಿ ನೀರಿನ ಆಳ ಅಳೆದು, ಅವನ ಜೊತೆ ಕುಳಿತು ಲೆಕ್ಕ ಮಾಡಿ, ಆ ವಸತಿಯ ಇಬ್ಬರು ಹುಡುಗಿಯರಿಗೆ ಆ ಲೆಕ್ಕ ಕಲಿಸಿ ಬರಬಹುದು. ಅವರಿಗೆ ಬಂದ ದಿನ ನಮ್ಮ ಅವಶ್ಯಕತೆ ಅಲ್ಲಿರುವುದಿಲ್ಲ. ಬೇರೆ ಬಾವಿ ಹುಡುಕೋಣ.

ಈ ವಿಚಾರವನ್ನು ನಮ್ಮ ಶಿಕ್ಷಕರ ಸಭೆಯಲ್ಲಿ ಇಟ್ಟಿದ್ದೇನೆ. ತಿಂಗಳ ಎರಡನೆಯ ಶನಿವಾರ, ಎಂಟು ಜನ ಮಕ್ಕಳು, ಒಬ್ಬ ಶಿಕ್ಷಕ. ಬ್ಯಾನರು ಬೇಡ, ಫೋಟೋ ಬೇಡ. ‘ವರದಿಗೆ ಏನು ಬರೆಯುವುದು?’ ಎಂದು ಒಬ್ಬರು ಕೇಳಿದ್ದಾರೆ. ಪಾಲಕರು ಒಪ್ಪಿಗೆಯ ಚೀಟಿ ಮತ್ತು ಬಸ್ಸಿನ ದುಡ್ಡು ಕಳಿಸಿದರೆ ಜನೇವರಿಯಲ್ಲಿ ಹೊರಡುತ್ತೇವೆ. ಜನೇವರಿಯಲ್ಲಿ ವಾರಣೆಗೆ ಪೂರ ಇರುವುದಿಲ್ಲ. ಆಯಿಗೆ ಆಶ್ಚರ್ಯವಾದೀತು.