ಕ್ರೈಂ ರೇಟು ಯಾರ ಲೆಕ್ಕ, ಯಾರ ಬೆನ್ನಿಗೆ ಲಾಠಿ?

ಎನ್‌ಸಿಆರ್‌ಬಿ ವರದಿ ಬಂದಾಗಲೆಲ್ಲ ಅದೇ ಕಥೆ. ಬೆಂಗಳೂರು ಅಪರಾಧಿಗಳ ಊರಾಗಿದೆ ಅಂತ ಟಿವಿಯವರು ಕೂಗ್ತಾರೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಪೊಲೀಸರಿಗೆ ಮನವಿ ಕೊಡ್ತಾರೆ. ವಾರ ಕಳೆಯೋದರೊಳಗೆ ಕೊಳೆಗೇರಿಯ ಹುಡುಗರನ್ನ ರಾತ್ರಿ ಗಸ್ತಿನವರು ನಿಲ್ಲಿಸಿ, ಹೆಸರು ಬರ್ಕೊಂಡು, ಫೋಟೊ ಹೊಡ್ಕೊಂಡು ಹೋಗ್ತಾರೆ. ಈ ಸಲ ನಮ್ಮ ಸಂಗಾತಿಗಳೇ ಆ ಹೆಡ್‌ಲೈನನ್ನ ಫಾರ್ವರ್ಡ್ ಮಾಡ್ತಿರೋದು ನೋಡಿ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಓದಿ.

ಸೈಬರ್ ಕ್ರೈಂನೇ ತಗೊಳ್ಳಿ. ಬೆಂಗಳೂರಲ್ಲಿ 2022ರಲ್ಲಿ 9,940 ಕೇಸು, 2023ರಲ್ಲಿ 17,631. ಲಕ್ಷ ಜನಕ್ಕೆ 207. ಮಹಾನಗರಗಳಲ್ಲಿ ನಾವೇ ಮೊದಲು. ಸರಿ, ಈ 207 ಎಲ್ಲಿಂದ ಬಂತು? 17,631ನ್ನ ಸುಮಾರು 85 ಲಕ್ಷದಿಂದ ಭಾಗಿಸಿದ್ದು. ಆ 85 ಲಕ್ಷ 2011ರ ಜನಗಣತಿಯ ಬೆಂಗಳೂರು. ಆ ವರ್ಷದ ಅಕ್ಟೋಬರ್‌ನಲ್ಲಷ್ಟೇ ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು! 2021ರ ಜನಗಣತಿ ನಡೀಲೇ ಇಲ್ಲ. ಊರು ಮಾತ್ರ ಬೆಳೀತಾನೇ ಇದೆ. ಇವತ್ತಿನ ಜನಸಂಖ್ಯೆ 1 ಕೋಟಿ 30 ಲಕ್ಷ ಅಂತ ಇಟ್ಕೊಂಡು ಭಾಗಿಸಿ ನೋಡಿ, 136ಕ್ಕೆ ಇಳಿಯುತ್ತೆ. ಕೇಸು ಜಾಸ್ತಿಯಾಗಿರೋದು ನಿಜ, ಸುಳ್ಳು ಅಂತಿಲ್ಲ. ಲೋನ್ ಆ್ಯಪ್‌ಗಳಿಗೆ ಸಿಕ್ಕಿ ನರಳ್ತಿರೋ ಹುಡುಗರು ನಮ್ಮ ಕೇರಿಗಳಲ್ಲೂ ಇದ್ದಾರೆ. ಆದ್ರೆ ಬೇಗ ಬೆಳೆಯೋ ಊರಿನ ‘ದರ’ವನ್ನ ಹದಿನೈದು ವರ್ಷ ಹಳೇ ಜನಸಂಖ್ಯೆಯಿಂದ ಅಳೆದ್ರೆ, ಅದು ಪ್ರತಿ ವರ್ಷ ತಾನಾಗೇ ಉಬ್ಬುತ್ತೆ.

ಇದರಲ್ಲೊಂದು ಕ್ರೂರ ತಮಾಷೆ ಇದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದು ತಗಡಿನ ಶೆಡ್‌ನಲ್ಲಿ ಇರೋರು ನಮ್ಮವರೇ. ಅವರ ಮೇಲೆ ಒಂದು ಕಳ್ಳತನದ ಕೇಸು ಬಿದ್ರೆ ಮೇಲಿನ ಅಂಕಿಗೆ ಸೇರುತ್ತೆ. 2011ರ ನಂತರ ಬಂದು ಈ ಊರನ್ನ ಕಟ್ಟಿದ್ದಕ್ಕೆ ಕೆಳಗಿನ ಅಂಕಿಯಲ್ಲಿ ಜಾಗ ಇಲ್ಲ.

ಇನ್ನು ಠಾಣೆಯ ಬಾಗಿಲಿಗೆ ಬರೋಣ. ಅಪರಾಧ ಹೆಚ್ಚೋದೇ ಬೇರೆ, ಪೊಲೀಸರು ದಾಖಲಿಸೋದು ಹೆಚ್ಚೋದೇ ಬೇರೆ ಅಂತ ಎನ್‌ಸಿಆರ್‌ಬಿಯೇ ವರದಿಯಲ್ಲಿ ಬರೆದುಕೊಳ್ಳುತ್ತೆ. ಯಾರೂ ಆ ಪುಟ ಓದಲ್ಲ. ಅಕೌಂಟಿಂದ ದುಡ್ಡು ಹೋದವನಿಗೆ 1930 ನಂಬರ್ ಇದೆ, ಆನ್‌ಲೈನ್ ದೂರು ಇದೆ, ಪ್ರತ್ಯೇಕ ಸೆನ್ ಠಾಣೆ ಇದೆ. ನಮ್ಮವರು ಜಾತಿನಿಂದನೆ ದೂರು ತಗೊಂಡು ಹೋದ್ರೆ ಏನಿದೆ? ಮೊದಲು ‘ಸಾಹೇಬ್ರು ರೌಂಡ್ಸ್ ಹೋಗಿದಾರೆ’. ಆಮೇಲೆ ‘ಅರ್ಜಿ ಕೊಟ್ಟು ಹೋಗಿ, ವಿಚಾರಣೆ ಮಾಡ್ತೀವಿ’. ಮೂರನೇ ದಿನ ಎದುರು ಪಾರ್ಟಿನ ಕರೆಸಿ ರಾಜಿ. ಒಪ್ಪದಿದ್ರೆ ನಮ್ಮವರ ಮೇಲೇ ಪ್ರತಿದೂರು. ಕೊನೆಗೆ ಕೈಗೊಂದು ಹಿಂಬರಹ. ಈ ಮೆಟ್ಟಿಲುಗಳನ್ನ ಎಷ್ಟು ಜನರ ಜೊತೆ ಹತ್ತಿದೀನೋ ಲೆಕ್ಕ ಇಟ್ಟಿಲ್ಲ. ಹಿಂಬರಹ ಕೊಟ್ಟ ದೂರು ಎನ್‌ಸಿಆರ್‌ಬಿಗೆ ಹೋಗಲ್ಲ. ಆ ಠಾಣೆ ವ್ಯಾಪ್ತಿಯಲ್ಲಿ ದೌರ್ಜನ್ಯ ಸೊನ್ನೆ!

ಗಮನಿಸಿ, ದೌರ್ಜನ್ಯ ತಡೆ ಕಾಯ್ದೆಯ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. 2018ರ ಮಾರ್ಚ್ ತೀರ್ಪಿನ ವಿರುದ್ಧ ಏಪ್ರಿಲ್ 2ರಂದು ದೇಶದ ಬೀದಿಗಿಳಿದು ಪಡೆದ ಕಲಮು ಅದು. ಹೊಸ ಬಿಎನ್‌ಎಸ್‌ಎಸ್‌ನ 173(3) ತೋರಿಸಿ ಹದಿನಾಲ್ಕು ದಿನ ವಿಚಾರಣೆ ಅಂದ್ರೆ 18ಎ ತೋರಿಸಿ.

ಹಳ್ಳಿಯಲ್ಲಿ ಜಾತಿ ಬೀದಿಯಲ್ಲಿ ಕಾಣುತ್ತೆ, ಹೋಟೆಲಲ್ಲಿ, ಗುಡಿ ಮುಂದೆ. ಸಿಟಿಯಲ್ಲಿ ಅದು ಅಡುಗೆಮನೆಗೆ, ಲಿಫ್ಟಿಗೆ, ಬಾಡಿಗೆ ಮನೆ ಕೇಳುವಾಗಿನ ‘ನೀವು ಯಾವ ಪೈಕಿ?’ಗೆ ಸರಿದುಕೊಂಡಿದೆ. ಮನೆಗೆಲಸದ ಅಕ್ಕನೊಬ್ಬರಿಗೆ ಫ್ಲ್ಯಾಟಿನ ಒಳಗೇ ಜಾತಿ ಹೆಸರು ಹಿಡಿದು ಬೈದಿದ್ರು. ಠಾಣೆಯಲ್ಲಿ ಹೇಳಿದ್ದೇನು ಗೊತ್ತಾ? ‘ಮನೆಯೊಳಗೆ ಬೈದ್ರೆ ಅಟ್ರಾಸಿಟಿ ಆಗಲ್ಲಮ್ಮ.’ ಬೇಜಾರಿನ ಸಂಗತಿ ಅಂದ್ರೆ ಆ ಮಾತಿಗೆ ಕಾನೂನಿನ ಆಸರೆಯೂ ಇದೆ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದಿದ್ದು ಸಾರ್ವಜನಿಕವಾಗಿ ಮಾಡಿದ ಅವಮಾನ ಆಗಲ್ಲ ಅಂತ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಗರದ ಜಾತಿ ಇರೋದೇ ನಾಲ್ಕು ಗೋಡೆಯೊಳಗೆ ಅನ್ನೋದನ್ನ ಯಾವ ಕೋಷ್ಟಕದಲ್ಲಿ ಹುಡುಕೋಣ?

ಮ್ಯಾನ್‌ಹೋಲ್ ಸಾವುಗಳದ್ದೂ ಇದೇ ಗತಿ. 2017ರ ಮಾರ್ಚ್‌ನಲ್ಲಿ ಸಿ.ವಿ.ರಾಮನ್‌ನಗರದ ಹತ್ತಿರ ಮ್ಯಾನ್‌ಹೋಲಿಗಿಳಿದ ಮೂವರು ಉಸಿರುಗಟ್ಟಿ ಸತ್ತರು. ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಬಂದು ಆಗಲೇ ಮೂರು ವರ್ಷ ದಾಟಿತ್ತು. ದಲಿತರನ್ನ ಇಂಥ ಕೆಲಸಕ್ಕೆ ಹಚ್ಚೋದು ದೌರ್ಜನ್ಯ ಅಂತ 2015ರ ತಿದ್ದುಪಡಿಯಲ್ಲೇ ಇದೆ. ಆ ಕಲಮುಗಳನ್ನ ಬಿಟ್ಟು ಬರೀ ‘ನಿರ್ಲಕ್ಷ್ಯದಿಂದ ಸಾವು’ ಅಂತ ಬರೆದ್ರೆ, ಆ ಸಾವು ರಸ್ತೆ ಅಪಘಾತಗಳ ಸಾಲಿಗೆ ಹೋಗಿ ಕೂರುತ್ತೆ. ಯುಡಿಆರ್ ಮಾಡಿ ಮುಚ್ಚಿದ್ರೆ ಅಪರಾಧವೇ ಅಲ್ಲ.

ಹಾಗಾದ್ರೆ ಅಂಕಿಅಂಶ ಎಲ್ಲಾ ಬೋಗಸ್ಸು, ಬಿಸಾಕಿ ಅಂತ ಕೆಲವು ಗೆಳೆಯರು ಹೇಳ್ತಾರೆ. ನಾನು ಒಪ್ಪಲ್ಲ. ದಲಿತರ ಮೇಲಿನ ಅಪರಾಧಗಳು ದೇಶದಲ್ಲಿ 2021ರಲ್ಲಿ 50,900, 2022ರಲ್ಲಿ 57,582. ಇಷ್ಟಾದರೂ ಸರ್ಕಾರದ ಬಾಯಿಂದಲೇ ಬಂದಿದೆಯಲ್ಲ, ಅದನ್ನ ಕೈಬಿಟ್ರೆ ನಮ್ಮ ಹತ್ತಿರ ಏನುಳಿಯುತ್ತೆ? ಆದ್ರೆ ಈ ಏರಿಕೆ ದೌರ್ಜನ್ಯ ಹೆಚ್ಚಿದ್ದಕ್ಕೋ, ಬಾಗಿಲು ತಟ್ಟಿ ಎಫ್‌ಐಆರ್ ಮಾಡಿಸಿದವರು ಹೆಚ್ಚಿದ್ದಕ್ಕೋ, ಆ ಸಂಖ್ಯೆ ಒಂದೇ ಹೇಳಲ್ಲ. ನಮ್ಮ ವಿಷಯದಲ್ಲಿ ಕೇಸು ಕಮ್ಮಿಯಾಗಿರೋ ಠಾಣೆ ಕಂಡ್ರೇ ನನಗೆ ಹೆಚ್ಚು ಅನುಮಾನ. ಡಿಸಿಆರ್‌ಇಗೆ 2025ರಲ್ಲಿ ಸ್ವಂತ ಠಾಣೆಗಳು ಸಿಕ್ಕಿವೆ. ಮುಂದೆ ಸಂಖ್ಯೆ ಏರಿದ್ರೆ ಗಾಬರಿಯಾಗಬೇಡಿ, ಇಳಿದ್ರೆ ಯಾಕೆ ಅಂತ ಕೇಳಿ.

ಕೇಳೋದು ಹೇಗೆ ಅಂದ್ರೆ ಆರ್‌ಟಿಐ. ನಿಮ್ಮ ಏರಿಯಾದ ಠಾಣೆಗೆ ಒಂದೊಂದು ಹಾಕಿ. ಕಳೆದ ಮೂರು ವರ್ಷದಲ್ಲಿ ಎಸ್‌ಸಿ, ಎಸ್‌ಟಿಯವರಿಂದ ಬಂದ ಜಾತಿ ದೌರ್ಜನ್ಯದ ದೂರು ಎಷ್ಟು, ಎಫ್‌ಐಆರ್ ಆಗಿದ್ದೆಷ್ಟು, ಹಿಂಬರಹ ಕೊಟ್ಟಿದ್ದೆಷ್ಟು, ಬಿ ರಿಪೋರ್ಟ್ ಹಾಕಿದ್ದೆಷ್ಟು, ಕರ್ತವ್ಯಲೋಪಕ್ಕೆ ಸೆಕ್ಷನ್ 4ರಡಿ ಎಷ್ಟು ಅಧಿಕಾರಿಗಳ ಮೇಲೆ ಕೇಸಾಗಿದೆ. ಜೊತೆಗೆ ರೌಡಿಶೀಟ್‌ನಲ್ಲಿ ಎಷ್ಟು ಜನ, ಅವರಲ್ಲಿ ಎಸ್‌ಸಿ, ಎಸ್‌ಟಿ ಎಷ್ಟು ಅಂತಲೂ ಕೇಳಿ, ಹೆಸರು ಬೇಡ. ಮಾಹಿತಿ ಇಲ್ಲ ಅಂತ ಬಂದ ಉತ್ತರವನ್ನೂ ಎತ್ತಿಡಿ, ಅದೂ ದಾಖಲೆಯೇ. ಅರ್ಜಿಯ ನಮೂನೆ ಬೇಕಾದವರು ಕಮೆಂಟ್ ಮಾಡಿ, ಕಳಿಸ್ತೀನಿ.

ಜೈ ಭೀಮ್.